ಕಪ್ಪಾಗದ ಆಯಿಲ್

ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ಬೆಳಕಿಗೆ ಹಿಡಿದೆ. ತುದಿಯಲ್ಲಿ ನಿಂತ ಹನಿ ಜೇನಿನ ಬಣ್ಣದ್ದಾಗಿತ್ತು.

ಬಟ್ಟೆಯಿಂದ ಒರೆಸಿ ಮತ್ತೆ ತೂರಿಸಿದೆ. ಮತ್ತೆ ಎಳೆದೆ. ಮತ್ತೆ ಜೇನು. ಕಡ್ಡಿಯ ಮೇಲಿನ ಅಳತೆಯ ಗೀರು ಹನಿಯೊಳಗಿಂದ ನಿಚ್ಚಳವಾಗಿ ಕಾಣುತ್ತಿತ್ತು.

ಹಾಗೆ ಕಾಣಬಾರದಿತ್ತು.

ಷೆಡ್ಡಿನ ಬಾಗಿಲಿಗೆ ಒರಗಿದ್ದ ಮಾಲೀಕರು ನಕ್ಕರು. ಲಾರಿಯೂ ಈ ವರ್ಕ್‌ಷಾಪೂ ಅವರದ್ದೇ. "ಆಯಿಲ್ ಚೆನ್ನಾಗಿದೆ ಅಂತ ಮುಖ ಸಣ್ಣ ಮಾಡ್ಕೊಂಡವರನ್ನ ಇವತ್ತೇ ನೋಡ್ತಿರೋದು ಮೇಡಂ."

"ಯಾರು ಬದಲಾಯಿಸಿದ್ದು?"

"ಯಾರೂ ಮುಟ್ಟಿಲ್ಲ. ನಾನೇ ಮುಂದೆ ನಿಂತು ಬಾಗಿಲಿಗೆ ಸೀಲ್ ಹಾಕಿಸಿದೀನಿ. ನಿಮ್ಮ ಕಂಪನಿಯವರು ಬರೋವರೆಗೆ ಒಂದು ನೊಣ ಕೂಡ ಒಳಗೆ ಹೋಗಬಾರದು ಅಂತ ಹೇಳಿದ್ದೆ."

ನೊಣ ಹೋಗಿರಲಿಲ್ಲ. ಎರಡೂ ಬಾಗಿಲುಗಳ ಸೀಲು ಹಾಗೇ ಇತ್ತು. ಬಾನೆಟ್ಟಿಗೂ ಸೀಲ್ ಹಾಕಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಈ ಲಾರಿ ಭಾನುವಾರ ನದಿಯ ಹಳೆ ದೋಣಿಗಟ್ಟೆಯಲ್ಲಿ, ಡ್ರೈವರ್ ಇಲ್ಲದೆ, ಎಂಜಿನ್ ಓಡುತ್ತಿದ್ದ ಹಾಗೇ ಸಿಕ್ಕಿತ್ತು. ಅಂದಿನಿಂದ ಮುಳುಗುಗಾರರು ಆತನನ್ನು ನೀರಿನಲ್ಲಿ ಹುಡುಕುತ್ತಿದ್ದರು, ವಿಮಾ ಕಂಪನಿಯ ಸರ್ವೇಯರ್ ಆದ ನಾನು ಲಾರಿಯಲ್ಲಿ ಹುಡುಕುತ್ತಿದ್ದೆ.

ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಗಿದ್ದರೆ ಯಾರೂ ಗಾಬರಿಯಾಗಬೇಕಿಲ್ಲ. ಹೊಸ ಆಯಿಲ್ ಸುರಿದು ಎಂಜಿನ್ ಶುರು ಮಾಡಿದರೆ, ಲೋಟದ ಟೀ ಆರುವುದರೊಳಗೆ ಅದು ಕಾಡಿಗೆಯ ಹಾಗಾಗುತ್ತದೆ. ಎಷ್ಟು ಬಸಿದರೂ ಹಳೆಯ ಮಸಿ ಸಂದುಗೊಂದುಗಳಲ್ಲಿ ಉಳಿದಿರುತ್ತದೆ. ಹೊಸದು ಅದನ್ನು ತೊಳೆದು ತನ್ನೊಳಗೆ ಎಳೆದುಕೊಳ್ಳುತ್ತದೆ. ಅದರ ಕೆಲಸವೇ ಅದು. ಗಾಬರಿಯಾಗಬೇಕಾದ್ದು ಅದು ಕಪ್ಪಾಗದೆ ಉಳಿದಾಗ.

ಈ ಎಂಜಿನ್ ಭಾನುವಾರ ಬೆಳಗಿನಿಂದ ಓಡಿತ್ತು. ಮೀನುಗಾರರೊಬ್ಬರು ನನಗೆ ಎಲ್ಲವನ್ನೂ ಹೇಳಿದ್ದರು. ಬಲೆ ಬಿಡುವಾಗಲೇ ಅವರಿಗೆ ಶಬ್ದ ಕೇಳಿಸಿತ್ತಂತೆ. ಯಾರೋ ಒಳಗೆ ಮಲಗಿದ್ದಾರೆ ಎಂದುಕೊಂಡರಂತೆ. ಬಲೆ ಎಳೆದು ಬಂದಾಗಲೂ ಅದೇ ಶಬ್ದ. ಹತ್ತಿರ ಹೋದರೆ ಸೀಟು ಖಾಲಿ. ಬಾಗಿಲು ಅರ್ಧ ತೆರೆದಿತ್ತು. ಎಂಜಿನ್ನಿನ ಅದುರಿಗೆ ಅದು ಸಣ್ಣಗೆ ಆಡುತ್ತ, ಯಾರನ್ನೋ ಒಳಗೆ ಕರೆಯುವ ಹಾಗೆ ಕಾಣುತ್ತಿತ್ತು. ಅವರು ನೋಡುತ್ತಿದ್ದ ಹಾಗೆ ಡೀಸೆಲ್ ಮುಗಿದು, ಎರಡು ಸಲ ಕೆಮ್ಮಿ, ಲಾರಿ ಸುಮ್ಮನಾಯಿತು. ಶಬ್ದವಿದ್ದಾಗ ಹೆದರಿಕೆಯಾಗಿರಲಿಲ್ಲ, ನಿಂತ ಮೇಲೆ ಓಡಿಬಂದೆ ಎಂದಿದ್ದರು.

ಅಂದರೆ, ಎಂಜಿನ್ ನಿಂತ ಮೇಲೆ ಯಾರೋ ಹಳೆ ಆಯಿಲ್ ಬಸಿದು ಹೊಸದು ಹಾಕಿದ್ದರು. ಹಾಕಿದ ಮೇಲೆ ಒಮ್ಮೆಯೂ ಶುರು ಮಾಡಿರಲಿಲ್ಲ. ಡ್ರೈವರ್ ಕೊನೆಯದಾಗಿ ಈ ಲಾರಿಯನ್ನು ಎಂಥ ಜಾಗದಲ್ಲಿ ಓಡಿಸಿದ್ದ ಎಂಬುದಕ್ಕೆ ಎಂಜಿನ್ನಿನೊಳಗೆ ಏನಾದರೂ ಸಾಕ್ಷಿ ಉಳಿದಿದ್ದರೆ, ಅದು ಆ ಹಳೆ ಆಯಿಲಿನ ಜೊತೆ ಹೋಗಿತ್ತು.

ಇದನ್ನೆಲ್ಲ ಮಾಲೀಕರಿಗೆ ವಿವರಿಸಿದೆ. ಅವರು ಹುಬ್ಬೇರಿಸಿದರು. "ನಿಮ್ಮನ್ನ ಕಟ್ಟಿಕೊಂಡವರು ಒಂದು ಸುಳ್ಳು ಹೇಳಿ ದಕ್ಕಿಸಿಕೊಳ್ಳೋಕೆ..." ಎಂದು ಶುರು ಮಾಡಿ ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡರು. ನನ್ನ ಗಂಡ ಹೋದ ವಿಷಯ ಯಾರೋ ಹೇಳಿರಬೇಕು. ಹೊರಗೆ ಯಾರೋ ಕರೆದರೆಂಬಂತೆ ಹೊರಟುಹೋದರು.

ನನಗೆ ಏನೂ ಅನ್ನಿಸಲಿಲ್ಲ. ಈಚೆಗೆ ಅನ್ನಿಸುವುದು ಕಡಿಮೆ.

ಗೋಣಿಚೀಲ ಹಾಸಿ ಲಾರಿಯ ಕೆಳಗೆ ನುಸುಳಿದೆ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯನ್ನು ಇಲ್ಲಿಯವರು ಚೇಂಬರ್ ಎನ್ನುತ್ತಾರೆ. ವರ್ಷಗಳ ಮಣ್ಣು, ಜಿಡ್ಡು ಅದರ ಮೇಲೆ ಚರ್ಮದ ಹಾಗೆ ಕೂತಿತ್ತು. ಬಸಿಯುವ ಬೋಲ್ಟಿನ ಸುತ್ತ ಮಾತ್ರ ಅಂಗೈಯಗಲ ಜಾಗವನ್ನು ಶುದ್ಧವಾಗಿ ಒರೆಸಲಾಗಿತ್ತು. ಬೋಲ್ಟಿನ ತಲೆಯ ಹಿಂದೆ ಹೊಸ ತಾಮ್ರದ ವಾಷರ್ ಮಿರುಗುತ್ತಿತ್ತು.

ಕದ್ದು ಆಯಿಲ್ ಬಸಿಯುವವರು ವಾಷರ್ ಬದಲಾಯಿಸುವುದಿಲ್ಲ. ಹಳೆಯದನ್ನೇ ಬಿಗಿದು ಜಾಗ ಖಾಲಿ ಮಾಡುತ್ತಾರೆ. ಇದನ್ನು ಮಾಡಿದವರಿಗೆ ಈ ಲಾರಿ ಇನ್ನೂ ಬಹಳ ದೂರ ಓಡಬೇಕಿತ್ತು.

ಟಾರ್ಚ್ ತಿರುಗಿಸಿದೆ. ಮುಂದಿನ ಚಕ್ರದ ಆಚೆ ಎರಡು ಪಾದಗಳು ನಿಂತಿದ್ದವು.

ಅವು ಅಲುಗಲಿಲ್ಲ. ಎಷ್ಟು ಹೊತ್ತಿನಿಂದ ಅಲ್ಲಿದ್ದವೋ ತಿಳಿಯದು. ನಾನೂ ಅಲುಗಲಿಲ್ಲ. ತಗಡಿನ ಚಾವಣಿ ಬಿಸಿಲಿಗೆ ಕಾದು ಟಿಕ್ ಟಿಕ್ ಎನ್ನುತ್ತಿತ್ತು.

"ತಣ್ಣಗಿದೆ," ಎಂದಿತು ಒಂದು ಹೆಣ್ಣುದನಿ.

ಹೊರಗೆ ಬಂದು ನೋಡಿದೆ. ಡ್ರೈವರನ ಹೆಂಡತಿ. ಒಂದು ಕೈಯಲ್ಲಿ ಊಟದ ಕ್ಯಾರಿಯರ್. ಇನ್ನೊಂದು ಕೈಯ ಹಿಂಬದಿಯನ್ನು, ಮಗುವಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ, ಲಾರಿಯ ಬಾನೆಟ್ಟಿನ ಮೇಲೆ ಇಟ್ಟಿದ್ದಳು.

ಕಾಣೆಯಾದವನ ಅಣ್ಣ ಇದೇ ವರ್ಕ್‌ಷಾಪಿನ ಮೇಸ್ತ್ರಿ. ಮದುವೆಯಾಗದವರು, ತಮ್ಮನ ಮನೆಯಲ್ಲೇ ಇರುವವರು. ಭಾವನಿಗೆ ಮಧ್ಯಾಹ್ನದ ಊಟ ತರುವುದು ಇವಳ ಕೆಲಸ. ಈ ವಾರವೂ ಅದನ್ನು ತಪ್ಪಿಸಿರಲಿಲ್ಲ. ಮನೆ ತುಂಬ ನೆಂಟರು ಬಂದು ಕೂತಿದ್ದಾರೆ, ನಾನು ಒಳಗೆ ಹೋದ ಕೂಡಲೇ ದನಿ ತಗ್ಗಿಸುತ್ತಾರೆ, ಅದಕ್ಕೆ ಊಟದ ನೆಪ ಮಾಡಿಕೊಂಡು ಬಂದೆ ಎಂದಳು. ತಗ್ಗಿದ ದನಿಗಳು ನನಗೂ ಗೊತ್ತಿದ್ದವು. ಕುಡಿಯಲು ನೀರು ಕೊಟ್ಟೆ.

"ನಾನು ನದಿ ಹತ್ರ ಹೋಗಿಲ್ಲ ಮೇಡಂ. ಹೋದ್ರೆ ಒಪ್ಪಿಕೊಂಡ ಹಾಗಾಗುತ್ತೆ."

"ಇನ್ಸ್‌ಪೆಕ್ಟರ್ ಏನಂದ್ರು?"

"ಸಂಜೆಗೆ ಮುಳುಗುಗಾರರು ವಾಪಸ್ ಹೋಗ್ತಾರಂತೆ. ಆಮೇಲೆ ನದಿ ತಾನಾಗಿ ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ ಅಂದ್ರು." ಕ್ಯಾರಿಯರಿನ ಹಿಡಿಯನ್ನು ಮೇಲೆ ಕೆಳಗೆ ಮಾಡಿದಳು. "ನೀರಲ್ಲೇ ಯಾಕೆ ಹುಡುಕ್ತಾರೆ? ಎಲ್ಲಾದ್ರೂ ನೆಲದ ಮೇಲೆ ಬಿದ್ದಿದ್ರೆ, ಜೀವ ಹಿಡ್ಕೊಂಡಿದ್ರೆ, ಎಷ್ಟು ದಿನ ಅಂತ ಹಿಡ್ಕೊಂಡಿರ್ತಾರೆ ಮೇಡಂ?"

ವಾಚು ನೋಡಿಕೊಂಡೆ. ಉತ್ತರ ಸಂಜೆಯೊಳಗೆ ಬೇಕಿತ್ತು.

ಊಟದ ಹೊತ್ತಿಗೆ ಮೆಕ್ಯಾನಿಕ್‌ಗಳೆಲ್ಲ ಹೊರಗೆ ಹೋದರು. ಸುತ್ತಿಗೆ, ಗ್ರೈಂಡರ್ ಒಟ್ಟಿಗೆ ನಿಂತವು. ಅಷ್ಟು ದೊಡ್ಡ ವರ್ಕ್‌ಷಾಪ್ ಒಮ್ಮೆಲೇ ಬಾಯಿ ಮುಚ್ಚಿಕೊಂಡಾಗ, ಬಿಚ್ಚಿಟ್ಟ ಎಂಜಿನ್‌ಗಳೆಲ್ಲ ಕಿವಿಗೊಟ್ಟು ಕೂತಿರುವಂತೆ ಅನ್ನಿಸುತ್ತದೆ.

ಮೇಸ್ತ್ರಿ ಮಗುಚಿಟ್ಟ ಡಬ್ಬದ ಮೇಲೆ ಕೂತು ಮರದ ಹೊಟ್ಟಿನಿಂದ ಕೈ ಉಜ್ಜುತ್ತಿದ್ದರು. ಅಗಲವಾದ, ನಿಧಾನದ ಮನುಷ್ಯ. ಬೆರಳುಗಳ ಗೆರೆಗಳಲ್ಲಿ ಕೂತ ಕಪ್ಪು ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ.

"ವಾಷರ್ ಹೊಸದು ಹಾಕಿದೀರಿ," ಎಂದೆ.

ಉಜ್ಜುವುದು ನಿಲ್ಲಲಿಲ್ಲ. "ಹಳೇದು ಸವೆದಿತ್ತು."

"ಅದು ಸೀಲ್ ಆಗಿದ್ದ ಗಾಡಿ."

"ಸೀಲ್ ಬಾಗಿಲಿಗೆ. ನಾನು ಬಾಗಿಲು ಮುಟ್ಟಿಲ್ಲ."

"ಸಾಕ್ಷಿ ಅಳಿಸಿದ್ರಿ ಅಂತ ನಾಳೆ ಪೊಲೀಸರು ನಿಮ್ಮನ್ನ ಒಳಗೆ ಹಾಕಬಹುದು. ತಮ್ಮನ ಕೇಸಲ್ಲಿ ಅಣ್ಣ."

"ಹಾಕಲಿ. ಅಲ್ಲೂ ಊಟ ಕೊಡ್ತಾರಲ್ಲ," ಎಂದು ನಕ್ಕರು. ಕಣ್ಣು ನಗಲಿಲ್ಲ. ಹೊಟ್ಟನ್ನು ಕೊಡವಿ ಎದ್ದರು. ನನಗಿಂತ ಒಂದು ಮೊಳ ಎತ್ತರವಿದ್ದರು. "ನಿಮಗೆ ಏನು ಬೇಕು ಮೇಡಂ? ಯಾಕೆ ಬದಲಾಯಿಸಿದೆ ಅಂತ ತಾನೆ?"

ಅವರು ಹೇಳಿದ್ದು ಇಷ್ಟು. ತಮ್ಮ, ದೂರದ ಟ್ರಿಪ್ ಮುಗಿಸಿ ಬಂದಾಗಲೆಲ್ಲ, ಮನೆಗೆ ಹೋಗುವ ಮೊದಲು ಗಾಡಿಯನ್ನು ಇಲ್ಲಿಗೆ ತರುತ್ತಿದ್ದ. ಗೇಟಿನಲ್ಲಿ ಎರಡು ಸಲ ಗಿಡ್ಡ, ಒಂದು ಸಲ ಉದ್ದ ಹಾರ್ನ್ ಕೇಳಿದರೆ ತಮ್ಮ ಬಂದನೆಂದು ಅಣ್ಣನಿಗೆ ಗೊತ್ತಾಗುತ್ತಿತ್ತು. ಅವಧಿ ಆಗಿರಲಿ, ಆಗದಿರಲಿ, ಅಣ್ಣ ಆಯಿಲ್ ಬದಲಾಯಿಸಬೇಕು. ಮಾಲೀಕರು ಎಷ್ಟೋ ಸಲ ಗೊಣಗಿದ್ದರು, ಇದೇನು ಗಾಡಿಯೋ ಬಾಣಂತಿಯೋ ಎಂದು. ಕುಕ್ಕರಗಾಲಿನಲ್ಲಿ ಕೂತ ತಮ್ಮ, ಬಸಿಯುವ ಕಪ್ಪು ಧಾರೆ ನೋಡುತ್ತ ದಾರಿಯ ಸುದ್ದಿ ಹೇಳುತ್ತಿದ್ದ. ಹೊಸದು ತುಂಬಿದ ಮೇಲೆ ಅಣ್ಣ ಬಾನೆಟ್ ಮುಚ್ಚಿ ದೂರ ಸರಿಯಬೇಕು. ಶುರು ಮಾಡುವುದು ತಮ್ಮ. ಮೆಕ್ಯಾನಿಕ್ ಮೊದಲು ಶುರು ಮಾಡಿದರೆ ಗಾಡಿ ಮೆಕ್ಯಾನಿಕ್‌ನ ಮಾತನ್ನೇ ಕೇಳುತ್ತದೆ ಎಂದು ಹೊಸದರಲ್ಲಿ ತಮಾಷೆಗೆ ಹೇಳಿದ್ದನಂತೆ. ತಮಾಷೆ ಹಾಗೇ ಕಟ್ಟಳೆಯಾಗಿ ನಿಂತುಬಿಟ್ಟಿತ್ತು.

"ಸೋಮವಾರ ಗಾಡಿನ ಎಳ್ಕೊಂಡು ಬಂದು ಇಲ್ಲಿ ಬಿಟ್ರು. ಎಲ್ರೂ ಊಟಕ್ಕೆ ಹೋದ್ರು. ನಾನು ಗಾಡಿ ಮುಂದೆ ಒಬ್ನೇ. ಗಾಡಿ ಬಂದಿದೆ ಮೇಡಂ, ಟ್ರಿಪ್ ಮುಗಿಸಿ ಬಂದಿದೆ. ಕೈ ಸುಮ್ನಿರಲಿಲ್ಲ."

"ಆದ್ರೆ ಶುರು ಮಾಡಲಿಲ್ಲ."

"ಮೊದಲ ಸ್ಟಾರ್ಟ್ ಅವನದ್ದು."

ನಂಬಿದೆ. ಹೋದವರ ಚಪ್ಪಲಿಯನ್ನು ತಿಂಗಳುಗಟ್ಟಲೆ ಬಾಗಿಲಲ್ಲೇ ಬಿಡುವ ಕೈಗಳನ್ನು ನಾನು ಬಲ್ಲೆ. ಸಾಕ್ಷಿ ಅಳಿಸುವವರು ಬೇರೆ, ಕಾಯುವವರು ಬೇರೆ. ಜೇನಿನ ಬಣ್ಣದ ಆ ಹನಿ ಸುಮ್ಮನೆ ಕಾಯುತ್ತಿತ್ತು, ಅಷ್ಟೆ.

"ಹಳೆ ಆಯಿಲ್?" ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು. ಷೆಡ್ಡಿನ ಹಿಂದೆ ದೊಡ್ಡ ಡ್ರಮ್ಮುಗಳಿದ್ದವು. ಊರ ಲಾರಿಗಳ ಕಪ್ಪು ಆಯಿಲೆಲ್ಲ ಅವುಗಳಲ್ಲಿ ಒಂದಾಗುತ್ತಿತ್ತು.

ಮೇಸ್ತ್ರಿ ಹೆಬ್ಬೆರಳಿನಿಂದ ಅಂಗೈ ಉಜ್ಜಿಕೊಂಡರು.

"ಡ್ರಮ್ಮಿಗೆ ಸುರಿದಿಲ್ಲ. ಅವನ ಗಾಡಿಲಿ ಹಾಗೆ ಬಂದಿದ್ದನ್ನ ನಾನು ನೋಡೇ ಇಲ್ಲ. ಚೆಲ್ಲೋಕೆ ಮನಸ್ಸಾಗಲಿಲ್ಲ."

"ಯಾರಿಗೂ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಹಳೆ ಟಯರುಗಳ ಹಿಂದೆ, ಗೋಣಿ ಮುಚ್ಚಿ, ಒಂದು ಪ್ಲಾಸ್ಟಿಕ್ ಕ್ಯಾನ್ ಇಟ್ಟಿದ್ದರು. ಮುಚ್ಚಳ ತೆಗೆದೆ.

ಕಪ್ಪಾಗಿರಲಿಲ್ಲ. ಹಾಲು ಹೆಚ್ಚಾದ ಕಾಫಿಯ ಹಾಗೆ, ಬೂದಿ ಬೆರೆತ ಕೆನೆಯ ಹಾಗೆ ದಪ್ಪಗೆ ನಿಂತಿತ್ತು.

ಎಂಜಿನ್ ಆಯಿಲ್ ಬಿಳಿಚಿಕೊಂಡರೆ ಅದರೊಳಗೆ ನೀರು ಸೇರಿದೆ ಎಂದೇ ಅರ್ಥ. ಸಾಮಾನ್ಯವಾಗಿ ಆ ನೀರು ರೇಡಿಯೇಟರಿನಿಂದ ಬರುತ್ತದೆ. ನೀರನ್ನೂ ಆಯಿಲನ್ನೂ ಬೇರೆಯಾಗಿಡುವ ಗ್ಯಾಸ್ಕೆಟ್ ಹೋಗಿರುತ್ತದೆ. ಮೇಸ್ತ್ರಿ ಅದನ್ನೇ ಮೊದಲು ನೋಡಿದ್ದರಂತೆ. ನಾನೂ ಹೋಗಿ ನೋಡಿದೆ. ರೇಡಿಯೇಟರ್ ಕಂಠದವರೆಗೆ ತುಂಬಿತ್ತು. ಗ್ಯಾಸ್ಕೆಟ್ಟಿನ ಅಂಚು ಒಣಗಿತ್ತು. ಒಳಗಿನ ನೀರು ಒಳಗೇ ಇತ್ತು.

ಹಾಗಾದರೆ ಇದು ಹೊರಗಿನದು. ಲಾರಿ ಎಲ್ಲೋ ಎಂಜಿನ್ ಅರ್ಧ ಮುಳುಗುವಷ್ಟು ಆಳದ ನೀರಿಗೆ ಇಳಿದಿತ್ತು. ಚೇಂಬರ್ ಉಸಿರಾಡುವ ಕೊಳವೆಯಿಂದ ನೀರು ಕುಡಿದಿತ್ತು. ಕುಡಿದ ಮೇಲೂ ಓಡಿತ್ತು. ಓಡುತ್ತ ನೀರನ್ನೂ ಆಯಿಲನ್ನೂ ಕಡೆದು ಮಜ್ಜಿಗೆ ಮಾಡಿತ್ತು.

ಆದರೆ ದೋಣಿಗಟ್ಟೆಯಲ್ಲಿ ಲಾರಿ ನಿಂತಿದ್ದದ್ದು ಒಣ ಕಲ್ಲಿನ ಮೇಲೆ.

ನನ್ನ ಚೀಲದಲ್ಲಿ ಉದ್ದನೆಯ ಗಾಜಿನ ನಳಿಕೆ ಇರುತ್ತದೆ. ಅದರ ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಕ್ಯಾನಿನ ತಳ ಮುಟ್ಟಿಸಿದೆ. ಬೆರಳು ಎತ್ತಿದೆ, ಮತ್ತೆ ಮುಚ್ಚಿದೆ. ಮೆಲ್ಲಗೆ ಹೊರಗೆ ತೆಗೆದೆ. ನಿಂತ ಆಯಿಲಿನಲ್ಲಿ ಬೆರೆಯದೆ ಉಳಿದ ನೀರು ಬೇರೆಯಾಗಿ ತಳಕ್ಕೆ ಇಳಿದಿರುತ್ತದೆ. ಅದು ಎಲ್ಲಿಯ ನೀರು ಎಂಬುದನ್ನು ಕೆಲವು ಸಲ ನೀರೇ ಹೇಳುತ್ತದೆ.

ನಳಿಕೆಯಲ್ಲಿ ಮೇಲೆ ಬೂದು ಕೆನೆ. ಕೆಳಗೆ, ಒಂದು ಬೆರಳಿನಷ್ಟು ಉದ್ದಕ್ಕೆ, ನೀಲಿ.

ಆಕಾಶದ ನೀಲಿಯಲ್ಲ. ಶಾಯಿಯ ನೀಲಿ.

ಮುಂದಿನ ಚಕ್ರದ ಮುಚ್ಚಳ ಬಿಚ್ಚಲು ಹೇಳಿದೆ. ಮೇಸ್ತ್ರಿ ಬಾಯಿಬಿಡದೆ ಬಿಚ್ಚಿಕೊಟ್ಟರು. ಒಳಗಿನ ಗ್ರೀಸ್ ಕೂಡ ನೀರು ಕುಡಿದು ಬಿಳಿಚಿತ್ತು. ಬಿಳಿಯೊಳಗೆ ನೀಲಿ ಎಳೆಗಳು, ಸತ್ತವರ ಕೈಯ ನರಗಳ ಹಾಗೆ.

ಅವರ ಮುಖ ನೋಡಿದೆ. ಅದರಲ್ಲಿ ಆಶ್ಚರ್ಯವಿರಲಿಲ್ಲ. ದುಃಖ ಆಶ್ಚರ್ಯವನ್ನೂ ತಿಂದುಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಾಲೀಕರು ತಮ್ಮ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿದ್ದರು. ಮೇಜಿನ ಮೇಲೆ ನಳಿಕೆ ಇಟ್ಟು, ಈ ಸುತ್ತಮುತ್ತ ನೀಲಿ ನೀರು ಎಲ್ಲಿದೆ ಎಂದು ಕೇಳಿದೆ.

ಕೀಗೊಂಚಲು ತಿರುಗಿಸುತ್ತಿದ್ದ ಬೆರಳು ನಿಂತಿತು.

"ಬಣ್ಣದ ಕಾರ್ಖಾನೆ," ಎಂದರು ಕೊನೆಗೆ. "ಬಟ್ಟೆಗೆ ಬಣ್ಣ ಹಾಕೋದು. ಮುಚ್ಚಿ ಯಾವ ಕಾಲ ಆಯ್ತು. ಹಿಂದುಗಡೆ ಒಂದು ಹೊಂಡ ಇದೆ."

ಆ ಕಾರ್ಖಾನೆಗೆ ಮೊದಲೆಲ್ಲ ಸರಕು ಹೊರುತ್ತಿದ್ದದ್ದು ಇವರದ್ದೇ ಲಾರಿಗಳು ಎಂದು ವಿಚಾರಿಸಿದ ಮೇಲೆ ತಿಳಿಯಿತು. ವಿಚಾರಿಸದಿದ್ದರೆ ಹೇಳುತ್ತಿರಲಿಲ್ಲ. ಆ ಕಡೆ ಈಗ ನಾಯಿ ಕೂಡ ಹೋಗುವುದಿಲ್ಲ, ಗೇಟಿಗೆ ಬೀಗ ಬಿದ್ದಿದೆ, ಕೀಲಿ ಇದ್ದ ಕಾವಲುಗಾರ ಸತ್ತುಹೋದ, ಅಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಒಂದರ ಹಿಂದೊಂದು ಹೇಳಿದರು. ನಾನು ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಹೇಳಿದರು.

"ನಿಮ್ಮ ಕಾರು ಕೊಡ್ತೀರಾ? ಹೋಗಿ ನೋಡಿ ಬರ್ತೀನಿ."

ಕಾರು ಕೆಟ್ಟಿದೆ ಎಂದರು. ವರ್ಕ್‌ಷಾಪಿನ ಮಾಲೀಕರ ಕಾರು ಕೆಟ್ಟು ನಿಂತಿದೆ ಎನ್ನುವುದು ತಮಾಷೆಯಾಗಿ ಕೇಳುತ್ತದೆಂದು ಅವರಿಗೂ ಹೊಳೆಯಿತು. ನಗಲು ನೋಡಿದರು, ಆಗಲಿಲ್ಲ.

ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದೆ. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡು, ಒಂದು ಕ್ಯಾನ್ ಆಯಿಲ್ ನೋಡಿ ನನ್ನ ಜನರನ್ನ ನದಿಯಿಂದ ಎಬ್ಬಿಸಲಾ ಎಂದು ಕೇಳಿದರು. ಕಣ್ಣಿಗೆ ಕಾಣುವಂಥದ್ದು ಕೊಡಿ. ಆ ಹೊಂಡದ ಹತ್ತಿರ ಲಾರಿಯ ಚಕ್ರದ ಗುರುತಿದ್ದರೆ ಫೋಟೋ ಕಳಿಸಿ. ಮುಳುಗುಗಾರರನ್ನು ಈಗಲೇ ಅಲ್ಲಿಗೆ ಅಟ್ಟುತ್ತೇನೆ. ಇಲ್ಲವೇ ಸಂಜೆ ಎಲ್ಲರೂ ಮನೆಗೆ, ಎಂದರು.

ಹೊರಗೆ ಡ್ರೈವರನ ಹೆಂಡತಿ ಭಾವ ಉಣ್ಣದೆ ಬಿಟ್ಟ ಕ್ಯಾರಿಯರ್ ಮುಂದಿಟ್ಟುಕೊಂಡು ಕೂತಿದ್ದಳು. ನಳಿಕೆ ತೋರಿಸಿದೆ. ನದಿಗೆ ಬರುವ ಮೊದಲು ಗಾಡಿ ಬೇರೆಲ್ಲೋ ನೀರಿಗೆ ಇಳಿದಿದೆ, ಬಹುಶಃ ನಿನ್ನ ಗಂಡ ನದಿಗೆ ಹೋಗಿಯೇ ಇಲ್ಲ ಎಂದೆ. ಅವಳು ಅಳಲಿಲ್ಲ. ನಳಿಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಆತನ ಬಟ್ಟೆಬರೆಯಲ್ಲಿ ಎಲ್ಲಾದರೂ ಈ ಬಣ್ಣದ ಕಲೆ ಇದೆಯೇ, ಮೊದಲೂ ಅಲ್ಲಿಗೆ ಹೋಗಿ ಬಂದ ಗುರುತೇನಾದರೂ ಇದೆಯೇ, ಮನೆಗೆ ಹೋಗಿ ನೋಡು ಎಂದು ನನ್ನ ನಂಬರ್ ಕೊಟ್ಟೆ. ಏನೋ ನೆನಪಾದವಳ ಹಾಗೆ ನನ್ನತ್ತ ನೋಡಿ ಎದ್ದಳು. ಕ್ಯಾರಿಯರ್ ಅಲ್ಲೇ ಮರೆತು ಹೋದಳು.

ಮೇಸ್ತ್ರಿ ಜೀಪಿನ ಪಕ್ಕ ನಿಂತಿದ್ದರು. "ನಾನು ಕರ್ಕೊಂಡು ಹೋಗ್ತೀನಿ ಬನ್ನಿ. ಅವನಿಗಾಗಿ ಇಷ್ಟು ಮಾಡೋರು ಇನ್ಯಾರಿದಾರೆ."

ಗೋದಾಮುಗಳು ಮುಗಿದವು. ಮುಳ್ಳುಕಂಟಿಗಳ ನಡುವಿನ ದಾರಿ ಶುರುವಾಯಿತು. ಮೇಸ್ತ್ರಿ ಮೃದುವಾಗಿ ಓಡಿಸುವವರು. ಗೇರ್ ಬದಲಾದದ್ದೇ ತಿಳಿಯುತ್ತಿರಲಿಲ್ಲ. ಮಾಲೀಕರ ಕಾರು ನಿಜಕ್ಕೂ ಕೆಟ್ಟಿದೆಯೇ ಎಂದು ಕೇಳಿದೆ. ಬೆಳಿಗ್ಗೆ ಅದರಲ್ಲೇ ಬಂದರು ಎಂದರು.

"ನಿಮ್ಮ ತಮ್ಮನನ್ನ ಇಲ್ಲಿಗೆ ಯಾರು ಕರೆಸಿರಬಹುದು?"

"ಅವನು ಸುಮ್ನೆ ಯಾರು ಕರೆದ್ರೂ ಹೋಗೋನಲ್ಲ," ಎಂದರು. "ಕರೆದೋರು ಅವನಿಗೆ ಬೇಕಾದೋರೇ ಇರಬೇಕು."

ಹೊಗೆಯಿಲ್ಲದ ಚಿಮಣಿ ಮೊದಲು ಕಂಡಿತು. ಆಮೇಲೆ ಹೊಂಡ.

ಅಂಥ ನೀರನ್ನು ನಾನು ನೋಡಿರಲಿಲ್ಲ. ಬಟ್ಟಬಯಲಿನ ಬಿಸಿಲಿನಲ್ಲೂ ಅದರಲ್ಲಿ ಆಕಾಶದ ನೆರಳು ಬೀಳುತ್ತಿರಲಿಲ್ಲ. ಕಪ್ಪೆಯಿಲ್ಲ, ಹಕ್ಕಿಯಿಲ್ಲ, ಅಂಚಿನಲ್ಲಿ ಹುಲ್ಲಿಲ್ಲ. ಗಾಳಿ ಬೀಸಿದರೂ ಮೇಲ್ಮೈ ಕದಲುತ್ತಿರಲಿಲ್ಲ. ಯಾರೋ ನೀಲಿ ಹಚ್ಚಡ ಹೊದಿಸಿ, ನಾಲ್ಕೂ ಮೂಲೆ ಸಿಕ್ಕಿಸಿಟ್ಟಂತಿತ್ತು. ಕಾರ್ಖಾನೆಯ ಹಿಂಬಾಗಿಲಿಗೆ ಹೋಗುವ ದಾರಿ ಅದರೊಳಗೆ ಇಳಿದು, ಆಚೆ ದಡದಲ್ಲಿ ಮತ್ತೆ ಎದ್ದಿತ್ತು.

ಇಳಿದು ನೋಡಿದೆ. ಅಗಲವಾದ ಜೋಡಿ ಚಕ್ರದ ಗುರುತು ನೀರಿಗೆ ಹೋಗಿತ್ತು. ಅದೇ ಗುರುತು ವಾಪಸ್ ಬಂದಿತ್ತು, ಅಂಚು ನೀಲಿಯಾಗಿ ಒಣಗಿ. ನೀರಿನಲ್ಲಿ ನಿಂತ ದಾರಿಬದಿಯ ಕಲ್ಲುಕಂಬ ನೋಡಿದರೆ ಆಳ ನನ್ನ ಸೊಂಟದ ಮೇಲಿತ್ತು. ಲಾರಿ ಇಲ್ಲಿ ಹಾದುಹೋಗಿತ್ತು. ನದಿಗೆ ಹೋದದ್ದು ಆಮೇಲೆ.

ಪಕ್ಕದಲ್ಲಿ ಇನ್ನೊಂದು ಗುರುತು. ಕಿರಿದಾದ ಚಕ್ರದ್ದು. ನೀರಿನ ಅಂಚಿನವರೆಗೆ ಬಂದು ನಿಂತು, ತಿರುಗಿ ಹೋಗಿತ್ತು. ಅದು ನಿಂತಲ್ಲಿಂದ ಒಬ್ಬರ ಹೆಜ್ಜೆ ನೀರಿಗಿಳಿದಿತ್ತು.

ಮಾಲೀಕರ ಕಾರು ಎಂದುಕೊಂಡೆ.

ಎಲ್ಲದರ ಫೋಟೋ ತೆಗೆದು ಇನ್ಸ್‌ಪೆಕ್ಟರಿಗೆ ಕಳಿಸಿದೆ. ಸಿಗ್ನಲ್ ಕ್ಷೀಣವಾಗಿತ್ತು. ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತಲೇ ಇತ್ತು. ಮುಂದಿನ ಗೇಟಿನ ಕಡೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ, ಬನ್ನಿ ಎಂದರು ಮೇಸ್ತ್ರಿ. ಜೀಪ್ ಹತ್ತಿದೆ.

ಗೋಡೆಯನ್ನು ಬಳಸಿಕೊಂಡು ಹೋಗುವಾಗ ಫೋನ್ ಬಂತು. ಡ್ರೈವರನ ಹೆಂಡತಿ.

"ಮೇಡಂ, ಒಬ್ರೇ ಇದೀರಾ?"

"ಇಲ್ಲ."

ಹಿನ್ನೆಲೆಯಲ್ಲಿ ನೆಂಟರ ತಗ್ಗಿದ ದನಿಗಳು. ಬಾಗಿಲು ಹಾಕಿಕೊಂಡ ಸದ್ದು.

"ಹಾಗಾದ್ರೆ ಏನೂ ಮಾತಾಡ್ಬೇಡಿ, ಸುಮ್ನೆ ಕೇಳಿ. ಇವರ ಬಟ್ಟೆಲಿ ಏನೂ ಇಲ್ಲ. ಆದ್ರೆ ಭಾನುವಾರ ಬೆಳಿಗ್ಗೆ ಭಾವನ ಖಾಕಿ ನೆನೆಸಿದ್ದೆ. ಬಕೆಟ್ ನೀರೆಲ್ಲ ನೀಲಿ ಆಯ್ತು. ಬಟ್ಟೆ ಬಣ್ಣ ಬಿಡ್ತು ಅಂದ್ಕೊಂಡು ಚೆಲ್ಲಿಬಿಟ್ಟೆ." ಅವಳ ದನಿ ಇನ್ನೂ ತಗ್ಗಿತು. "ಖಾಕಿ ನೀಲಿ ಬಿಡಲ್ಲ ಅಲ್ವಾ ಮೇಡಂ?"

ಭಾನುವಾರ ಬೆಳಿಗ್ಗೆ. ಲಾರಿ ಸಿಕ್ಕಿದ ಸುದ್ದಿ ಊರಿಗೆ ಬಂದದ್ದು ಅವತ್ತು ಮಧ್ಯಾಹ್ನ.

"ಸರಿ, ಆಮೇಲೆ ಮಾತಾಡ್ತೀನಿ," ಎಂದೆ. ನನ್ನ ದನಿ ಎಂದಿನ ಹಾಗೇ ಇತ್ತು. ಅದೊಂದು ಈಚೆಗೆ ನನಗೆ ಕೈಗೂಡಿರುವ ವಿದ್ಯೆ.

ಜೀಪಿನ ಚಕ್ರಗಳು ಕಿರಿದು. ಅದನ್ನು ಈಗ ಯೋಚಿಸಿದೆ. ಆ ನೀಲಿಯನ್ನು ಮಾಲೀಕರು ಗುರುತಿಸಿದ್ದರು. ಇವರು ಗುರುತಿಸಿಯೂ ತುಟಿ ಬಿಚ್ಚಿರಲಿಲ್ಲ. ಆದರೆ ಮುಚ್ಚಿಡಬೇಕಾದವರು ಆ ಕ್ಯಾನನ್ನು ನನ್ನ ಕೈಗೇಕೆ ಕೊಟ್ಟರು? ಒಂದು ಸಲ ಡ್ರಮ್ಮಿಗೆ ಬಗ್ಗಿಸಿದ್ದರೆ ಮುಗಿಯುತ್ತಿತ್ತು. ನಾನು ಇಲ್ಲಿಗೆ ಬರಬೇಕೆಂದೇ ಇಟ್ಟುಕೊಂಡಿದ್ದರೇ?

ಮೇಸ್ತ್ರಿಯ ಕೈ ಸ್ಟೇರಿಂಗಿನ ಮೇಲೆ ಹಗುರವಾಗಿತ್ತು.

"ನಮ್ಮ ಹುಡುಗಿನಾ?"

"ಹೌದು. ಏನೂ ಸಿಗಲಿಲ್ಲವಂತೆ."

ತಲೆಯಾಡಿಸಿದರು. ಗೋಡೆ ಮುಗಿದು ಗೇಟು ಬಂತು. ಎತ್ತರದ ತಗಡಿನ ಗೇಟು, ತುಕ್ಕು ಹಿಡಿದದ್ದು. ಎರಡು ಬಾಗಿಲುಗಳ ಸಂದಿಯಲ್ಲಿ ದಪ್ಪ ಸರಪಳಿ ಸುತ್ತಿತ್ತು. ಬೀಗ ನಮ್ಮ ಕಡೆ ಇರಲಿಲ್ಲ. ಒಳಗಿನಿಂದ ಹಾಕಿತ್ತು.

ಅವರು ಜೀಪ್ ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ.

"ಬಟ್ಟೆ ವಿಷಯ ಹೇಳಿದ್ಲಾ?" ಎಂದು ಕೇಳಿದರು. ಊಟ ಆಯ್ತಾ ಎಂದು ಕೇಳುವ ದನಿಯಲ್ಲಿ.

ಉತ್ತರಕ್ಕೆ ಅವರು ಕಾಯಲಿಲ್ಲ. ಹಾರ್ನ್ ಒತ್ತಿದರು. ಎರಡು ಸಲ ಗಿಡ್ಡ, ಒಂದು ಸಲ ಉದ್ದ. ಸದ್ದು ಖಾಲಿ ಕಟ್ಟಡಗಳಿಗೆ ಬಡಿದು ತಿರುಗಿ ಬಂತು.

ಆಮೇಲೆ ಜಲ್ಲಿಯ ಮೇಲೆ ಹೆಜ್ಜೆಗಳು ಕೇಳಿಸಿದವು. ಒಂದು ಕಾಲು ಎಳೆಯುತ್ತಿತ್ತು. ಗೇಟಿನ ಆಚೆ ಬಂದು ನಿಂತವು. ಕೀಲಿ ತಿರುಗಿತು. ಸಂದಿಯಲ್ಲಿ ಎರಡು ಕೈ ಕಂಡವು.

ಸರಪಳಿ ಬಿಚ್ಚುತ್ತಿದ್ದ ಆ ಕೈಗಳು ಮೊಣಕೈಯವರೆಗೆ ನೀಲಿಯಾಗಿದ್ದವು.